ಶನಿವಾರ ರಾತ್ರಿ ಊಟಕ್ಕೆ ಬರುತ್ತಿದ್ದಾರೆ: ಒಂಬತ್ತು ಬಗೆ ಮಾಡಲಾ, ನಾಲ್ಕೇ ಸಾಕಾ?

ಹೊಸಒಲೆ · ಭಾನುವಾರ ಸಂಜೆ

ಎಲ್ಲರಿಗೂ ನಮಸ್ಕಾರ. ಬರುವ ಶನಿವಾರ ನನಗೆ ಕೆಲಸ ಕಲಿಸಿದ ಮೇಡಂ ನಮ್ಮ ಮನೆಗೆ ರಾತ್ರಿ ಊಟಕ್ಕೆ ಬರುತ್ತಿದ್ದಾರೆ. ಜೊತೆಗೆ ಅವರ ಯಜಮಾನರು. ನಾನು, ನನ್ನ ಗಂಡ ಸೇರಿ ನಾಲ್ಕು ಜನ. ಹನ್ನೊಂದು ವರ್ಷದ ಹಿಂದೆ ನಾನು ಏನೂ ಗೊತ್ತಿಲ್ಲದೆ ಕೆಲಸಕ್ಕೆ ಸೇರಿದ್ದೆ. ಪಕ್ಕದಲ್ಲಿ ಕೂರಿಸಿಕೊಂಡು, ಒಂದೇ ವಿಷಯವನ್ನು ನಾಲ್ಕು ಸಲ ಕೇಳಿದರೂ ಬೇಸರ ಮಾಡಿಕೊಳ್ಳದೆ ಹೇಳಿಕೊಟ್ಟವರು ಇವರು. ಎಷ್ಟೋ ಸಲ ಕರೆದಿದ್ದೆ. ಈಗ ಒಪ್ಪಿದ್ದಾರೆ. ಈ ಊಟ ಅವರ ನೆನಪಿನಲ್ಲಿ ಉಳಿಯಬೇಕು ಅಂತ ನನ್ನಾಸೆ.

ಯೋಚಿಸಿರುವ ಪಟ್ಟಿ ಹೀಗಿದೆ. ಕ್ಯಾರೆಟ್ ಸೂಪ್, ವಾಲ್‌ನಟ್ ತುಂಬಿದ ಅಣಬೆ, ಕರಿದ ಆಲೂಗಡ್ಡೆ, ಓವನ್‌ನಲ್ಲಿ ಬೇಯಿಸಿದ ಇಡೀ ಕೋಳಿ, ಚೀಸ್ ಪಾಸ್ತಾ, ತರಕಾರಿ ಅನ್ನ, ಎರಡು ಥರದ ಸಲಾಡ್, ಕೊನೆಗೆ ಚಾಕೊಲೇಟ್ ಸೂಫ್ಲೆ. ಮನೆಯಲ್ಲಿ ಎರಡು ಬರ್ನರ್‌ನ ಒಲೆ, ಒಂದು ಓವನ್, ಒಂದು ಮಿಕ್ಸಿ ಇದೆ. ಅಡುಗೆ ನಾನೊಬ್ಬಳೇ. ಸೂಫ್ಲೆ ಇದುವರೆಗೆ ಮಾಡಿಲ್ಲ. ಇದರಲ್ಲಿ ಏನು ಇಟ್ಟುಕೊಳ್ಳಲಿ, ಏನು ಬಿಡಲಿ?

ಉಪ್ಪುಖಾರ · ಭಾನುವಾರ ರಾತ್ರಿ

ಪ್ರೀತಿಯಿಂದ ಬರೆದ ಪಟ್ಟಿ ಅಂತ ನೋಡಿದರೇ ಗೊತ್ತಾಗುತ್ತದೆ ಅಕ್ಕಾ. ಈಗ ಒಂದು ಹಾಳೆ ತೆಗೆದುಕೊಳ್ಳಿ. ಒಂಬತ್ತನ್ನೂ ಒಂದರ ಕೆಳಗೊಂದು ಬರೆಯಿರಿ. ಅವರು ಬಂದು ಕೂತ ಮೇಲಿನ ಅರ್ಧ ಗಂಟೆಯಲ್ಲಿ ಯಾವುದಕ್ಕೆಲ್ಲ ನಿಮ್ಮ ಕೈ ಬೇಕು ಅಂತ ಪಕ್ಕದಲ್ಲಿ ಗುರುತು ಹಾಕಿ.

ನಾನೇ ಹಾಕಿ ನೋಡಿದೆ. ಆಲೂಗಡ್ಡೆ ಕರಿಯಲು ಬಾಣಲೆ ಮುಂದೆ ನಿಲ್ಲಲೇಬೇಕು. ಪಾಸ್ತಾ ಬೆಂದ ತಕ್ಷಣ ಬಸಿದು ಕಲಸಬೇಕು, ಹತ್ತು ನಿಮಿಷ ಬಿಟ್ಟರೆ ಅಂಟಿಕೊಂಡು ಕೂರುತ್ತದೆ. ಸೂಫ್ಲೆ ಇನ್ನೂ ಕಷ್ಟ. ಮೊಟ್ಟೆಯ ಬಿಳಿಯಲ್ಲಿ ಕಟ್ಟಿದ ಗಾಳಿ ಬಿಸಿಗೆ ಹಿಗ್ಗುವುದರಿಂದ ಅದು ಉಬ್ಬುತ್ತದೆ. ಓವನ್‌ನಿಂದ ತೆಗೆದ ಕೆಲವೇ ನಿಮಿಷಕ್ಕೆ ಇಳಿದುಹೋಗುತ್ತದೆ. ಮಾತು ಬೆಳೆದು ಊಟ ತಡವಾಯಿತು ಅಂದುಕೊಳ್ಳಿ, ಅದು ಕಾಯುವುದಿಲ್ಲ. ಜೊತೆಗೆ ಕೋಳಿ, ಅಣಬೆ, ಸೂಫ್ಲೆ ಮೂರಕ್ಕೂ ಇರುವುದು ಒಂದೇ ಓವನ್.

ನನ್ನ ಪ್ರಕಾರ ಎಷ್ಟು ಬಗೆ ಅನ್ನುವ ಲೆಕ್ಕವೇ ಬೇಡ. ಕೊನೆಯ ಅರ್ಧ ಗಂಟೆಯಲ್ಲಿ ಎಷ್ಟು ಅಡುಗೆ ನಿಮ್ಮನ್ನು ಕರೆಯುತ್ತವೆ, ಅದನ್ನು ಲೆಕ್ಕ ಹಾಕಿ. ಒಂದು ಇದ್ದರೆ ನಡೆಯುತ್ತದೆ. ನಿಮ್ಮ ಪಟ್ಟಿಯಲ್ಲಿ ಆರು ಇವೆ. ಹನ್ನೊಂದು ವರ್ಷದ ಮೇಲೆ ಮನೆಗೆ ಬಂದ ಮೇಡಂ ನಿಮ್ಮ ಜೊತೆ ಮಾತಾಡದೆ, ನಿಮ್ಮ ಬೆನ್ನು ನೋಡಿಕೊಂಡು ಕೂರಬೇಕಾಗುತ್ತದೆ.

ನಿಧಾನಿ · ಭಾನುವಾರ ರಾತ್ರಿ

ಉಪ್ಪುಖಾರ ಅವರು ಹೇಳಿದ್ದು ಅಡುಗೆ ಮಾಡುವವರ ಕಡೆಯಿಂದ ಸರಿ. ತಿನ್ನುವವರ ಕಡೆಯಿಂದಲೂ ನೋಡಬೇಕು ಅಲ್ವಾ? ನಾಲ್ಕೇ ಬಗೆ ಮಾಡಿ, ಅದರಲ್ಲಿ ಒಂದು ಅವರಿಗೆ ಹಿಡಿಸದಿದ್ದರೆ? ಇನ್ನೊಂದು ಅವರಿಗೆ ಆಗದೇ ಇದ್ದರೆ? ಮರ್ಯಾದೆಗೆ ಎರಡು ತುತ್ತು ತಿಂದು ಸಾಕು ಅನ್ನುತ್ತಾರೆ. ನಾನು ಜಾಸ್ತಿ ಮಾಡುವುದು ದೊಡ್ಡಸ್ತಿಕೆ ತೋರಿಸಲು ಅಲ್ಲ. ಒಂದು ಬೇಡವಾದರೆ ಇನ್ನೊಂದು ಇರಲಿ ಅಂತ. ಬಂದವರು ಅರೆಹೊಟ್ಟೆಯಲ್ಲಿ ಎದ್ದರೆ ನನಗೆ ಆ ರಾತ್ರಿ ನಿದ್ದೆ ಬರುವುದಿಲ್ಲ.

ಮೂರುಮಕ್ಕಳಮ್ಮ · ಸೋಮವಾರ ಬೆಳಗ್ಗೆ

ನಿಧಾನಿ ಅವರೇ, ನಿಮ್ಮ ಭಯ ನನಗೆ ಅರ್ಥವಾಗುತ್ತದೆ. ಅದಕ್ಕೆ ಮದ್ದು ಜಾಸ್ತಿ ಅಡುಗೆ ಅಲ್ಲ, ಒಂದು ಫೋನ್.

ನನ್ನ ಎರಡನೇ ಮಗನಿಗೆ ಶೇಂಗಾ ಆಗುವುದಿಲ್ಲ. ಅವನಿಗೆ ಆರು ವರ್ಷವಿದ್ದಾಗ ಒಬ್ಬರ ಮನೆಗೆ ಊಟಕ್ಕೆ ಹೋಗಿದ್ದೆವು. ಮೇಜಿನ ತುಂಬಾ ಪಾತ್ರೆಗಳು. ಪಾಪ, ಅವರು ಎರಡು ದಿನದಿಂದ ಒಲೆ ಮುಂದೆ ನಿಂತಿದ್ದರು. ಒಂದು ಗೊಜ್ಜು ಗಟ್ಟಿಯಾಗಲಿ ಅಂತ ಶೇಂಗಾ ರುಬ್ಬಿ ಹಾಕಿದ್ದರು. ಅದು ನೋಡಿದರೆ ತಿಳಿಯುತ್ತಿರಲಿಲ್ಲ. ಅವರೂ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ. ನಾಲ್ಕನೇ ತುತ್ತಿಗೆ ಮಗನ ತುಟಿ ಊದಿಕೊಂಡಿತು. ತಟ್ಟೆ ಬಿಟ್ಟು ಆಸ್ಪತ್ರೆಗೆ ಓಡಿದೆವು. ಮಗು ಸರಿಹೋಯಿತು. ಆ ಮನೆಯವರು ಅತ್ತಿದ್ದು ನನಗೆ ಇನ್ನೂ ಕಣ್ಣಿಗೆ ಕಟ್ಟಿದೆ.

ಕೇಳುವ ರೀತಿಯೂ ಮುಖ್ಯ. "ಏನು ಮಾಡಲಿ?" ಅಂತ ಕೇಳಿದರೆ ಎಲ್ಲರೂ "ಏನಾದರೂ ನಡೆಯುತ್ತದೆ" ಅನ್ನುತ್ತಾರೆ. "ನಿಮಗೆ ಏನು ಆಗುವುದಿಲ್ಲ?" ಅಂತ ಕೇಳಿ. ಹಾಗೆ ಕೇಳಿದರೆ ನೇರ ಉತ್ತರ ಸಿಗುತ್ತದೆ. ಹಾಲು, ಮೊಟ್ಟೆ, ಗೋಧಿ, ಸೋಯಾ, ಶೇಂಗಾ, ಬಾದಾಮಿ-ಗೋಡಂಬಿ-ವಾಲ್‌ನಟ್ ಥರದ ಬೀಜಗಳು, ಎಳ್ಳು, ಮೀನು, ಸೀಗಡಿ-ಏಡಿ. ಜಾಸ್ತಿ ಜನರಿಗೆ ತೊಂದರೆ ಕೊಡುವುದು ಇವೇ. ಒಂದೊಂದನ್ನೂ ಹೆಸರಿಟ್ಟು ಕೇಳಿದರೂ ತಪ್ಪಿಲ್ಲ. ಯಜಮಾನರ ಬಗ್ಗೆಯೂ ಬೇರೆಯಾಗಿ ಕೇಳಿ. ಆಗದ ಪದಾರ್ಥ ಒಂದು ಪಾತ್ರೆಯಲ್ಲಿದ್ದು, ಅದೇ ಚಮಚವನ್ನು ಇನ್ನೊಂದಕ್ಕೆ ಹಾಕಿದರೂ ಸಾಕು. ಆದ್ದರಿಂದ ಆ ದಿನ ಅಡುಗೆಮನೆಯಲ್ಲೇ ಅದು ಬೇಡ.

ಹೊಸಒಲೆ · ಸೋಮವಾರ ಮಧ್ಯಾಹ್ನ

ಈಗಷ್ಟೇ ಫೋನ್ ಮಾಡಿದೆ. ಮೂರುಮಕ್ಕಳಮ್ಮ, ನಿಮಗೆ ಹೇಗೆ ಥ್ಯಾಂಕ್ಸ್ ಹೇಳಲಿ? "ಏನಾದರೂ ನಡೆಯುತ್ತದೆ ಕಣಮ್ಮ" ಅಂತಲೇ ಮೇಡಂ ಶುರು ಮಾಡಿದರು. ನೀವು ಹೇಳಿದ ಹಾಗೆ ಕೇಳಿದೆ. ವಾಲ್‌ನಟ್ ತಿಂದರೆ ಗಂಟಲು ಕೆರೆದು ಉಸಿರು ಹಿಡಿಯುತ್ತದಂತೆ! ನನ್ನ ಎರಡನೇ ಪದಾರ್ಥವೇ ಅದು. ಯಜಮಾನರಿಗೆ ಖಾರ ಆಗುವುದಿಲ್ಲ. ಹಾಲು, ಮೊಟ್ಟೆ, ಕೋಳಿ ಇಬ್ಬರಿಗೂ ಸರಿ. ಬೇಗ ಮಲಗುವ ಅಭ್ಯಾಸ, ಹಾಗಾಗಿ ಏಳೂವರೆಗೇ ಬರುತ್ತಾರೆ.

ಅಣಬೆ ತೆಗೆದೆ. ಪಾಸ್ತಾ, ಅನ್ನ, ಸೂಫ್ಲೆ ಕೂಡ ಬಿಟ್ಟೆ. ಕೋಳಿಯೇ ಮುಖ್ಯ ಅಂತ ಇಟ್ಟುಕೊಳ್ಳುತ್ತೇನೆ. ಮೊದಲು ಎರಡು ಸಲ ಮಾಡಿದ್ದೇನೆ. ಒಂದು ಸಲ ಎದೆಯ ಭಾಗ ಹತ್ತಿಯ ಹಾಗೆ ಒಣಗಿತ್ತು. ಚರ್ಮವಂತೂ ಎರಡೂ ಸಲ ಮೆತ್ತಗೇ ಇತ್ತು. ಏನು ಮಾಡಲಿ?

ಸೌಟುಹಿಡಿದವ · ಸೋಮವಾರ ಸಂಜೆ

ನಾನು ಹೋಟೆಲ್ ಅಡುಗೆಮನೆಯಲ್ಲಿ ಹದಿನಾಲ್ಕು ವರ್ಷ ಕೆಲಸ ಮಾಡಿದ್ದೇನೆ. ಕೋಳಿ ಬಗ್ಗೆ ಸ್ವಲ್ಪ ಉದ್ದ ಬರೆಯುತ್ತೇನೆ, ಸಮಾಧಾನದಿಂದ ಓದಿ ಮೇಡಂ.

ನಾಲ್ಕು ಜನಕ್ಕೆ ಒಂದೂವರೆ ಕಿಲೋ ಕೋಳಿ ಸಾಕು. ಶುಕ್ರವಾರ ರಾತ್ರಿಯೇ ಉಪ್ಪು ಹಚ್ಚಿಬಿಡಿ. ಕಿಲೋಗೆ 10ರಿಂದ 12 ಗ್ರಾಂ ಲೆಕ್ಕ. ಅಂದರೆ ನಿಮ್ಮ ಕೋಳಿಗೆ ಪುಡಿ ಉಪ್ಪು ಮಟ್ಟಸವಾಗಿ ಒಂದು ಟೇಬಲ್ ಚಮಚ. ಒಳಗೂ ಹೊರಗೂ ಹಚ್ಚಿ, ತಟ್ಟೆಯಲ್ಲಿಟ್ಟು, ಮುಚ್ಚದೆ ಫ್ರಿಜ್‌ನ ಕೆಳಗಿನ ಅರೆಯಲ್ಲಿಡಿ. ಉಪ್ಪು ಮೊದಲು ನೀರು ಎಳೆಯುತ್ತದೆ. ಒಂದು ಗಂಟೆ ಬಿಟ್ಟು ನೋಡಿದರೆ ಮೈಯೆಲ್ಲ ಹನಿ ಹನಿ. ಗಾಬರಿ ಆಗಬೇಡಿ. ಉಪ್ಪು ಅದರಲ್ಲೇ ಕರಗಿ ನಿಧಾನಕ್ಕೆ ಮಾಂಸದೊಳಗೆ ಇಳಿಯುತ್ತದೆ. ಬೆಳಗ್ಗೆ ಹೊತ್ತಿಗೆ ಹೊರಮೈ ಒಣಗಿ ಕಾಗದದ ಹಾಗಾಗಿರುತ್ತದೆ. ಉಪ್ಪು ಇಳಿದ ಮಾಂಸ ಬೇಯುವಾಗ ನೀರನ್ನು ಹಿಡಿದುಕೊಳ್ಳುತ್ತದೆ. ಎದೆಯ ಭಾಗ ಒಣಗದಿರಲು ಇದೇ ಅರ್ಧ ಕೆಲಸ.

ಚರ್ಮ ಮೆತ್ತಗಾಗಲು ಕಾರಣ ನೀರು. ಹಸಿ ಇರುವವರೆಗೆ ಮೇಲ್ಮೈಯ ಬಿಸಿ 100 ಡಿಗ್ರಿ ದಾಟುವುದಿಲ್ಲ, ಬಿಸಿಯೆಲ್ಲ ನೀರು ಆವಿ ಮಾಡುವುದರಲ್ಲೇ ಹೋಗುತ್ತದೆ. ಕಂದು ಬಣ್ಣ, ಹುರಿದ ಘಮ ಚೆನ್ನಾಗಿ ಬರುವುದು 140 ಡಿಗ್ರಿ ಹತ್ತಿರ ಬಂದ ಮೇಲೆ. ಇದಕ್ಕೆ ಮಯಾರ್ ಕ್ರಿಯೆ ಅನ್ನುತ್ತಾರೆ. ಫ್ರಾನ್ಸಿನ ರಸಾಯನ ವಿಜ್ಞಾನಿ ಲೂಯಿ ಕಮೀಲ್ ಮಯಾರ್ 1912ರಲ್ಲಿ ವಿವರಿಸಿದ್ದು. ಬ್ರೆಡ್ಡಿನ ಮೇಲ್ಪದರ, ಹುರಿದ ಕಾಫಿ ಬೀಜ, ಸುಟ್ಟ ಮಾಂಸ, ಎಲ್ಲದರ ಘಮದ ಹಿಂದೆಯೂ ಅದೇ ಇದೆ. ಒಣಗಿದ ಚರ್ಮ ಇದ್ದರೆ ಅದು ಬೇಗ ಶುರುವಾಗುತ್ತದೆ.

200 ಡಿಗ್ರಿಯಲ್ಲಿ ಒಂದು ಗಂಟೆ ಹತ್ತು, ಹದಿನೈದು ನಿಮಿಷ. ಆದರೆ ಗಡಿಯಾರ ನಂಬಬೇಡಿ. ಅಡುಗೆ ಥರ್ಮಾಮೀಟರ್ ಒಂದು ತಂದುಕೊಳ್ಳಿ. ತೊಡೆಯ ದಪ್ಪ ಭಾಗಕ್ಕೆ, ಮೂಳೆಗೆ ತಾಗದ ಹಾಗೆ ಚುಚ್ಚಿ. 74 ಡಿಗ್ರಿ ಬಂದರೆ ಆಯಿತು. ತೆಗೆದ ಮೇಲೆ 20 ನಿಮಿಷ ಮುಟ್ಟಬೇಡಿ. ತಕ್ಷಣ ಕತ್ತರಿಸಿದರೆ ರಸವೆಲ್ಲ ಹಲಗೆ ಮೇಲೆ ಹರಿಯುತ್ತದೆ. ಈ 20 ನಿಮಿಷ ನಿಮಗೆ ಸಿಗುವ ದೊಡ್ಡ ಉಡುಗೊರೆ. ಆಗ ನೀವು ಸೂಪ್ ಮುಂದೆ ಕೂತಿರಬಹುದು.

ಇನ್ನೊಂದು ಮಾತು. ಕೋಳಿ ತೊಳೆಯಬೇಡಿ.

ನಿಧಾನಿ · ಸೋಮವಾರ ಸಂಜೆ

ತೊಳೆಯದೆ ಹೇಗೆ ಸರ್? ನಾನು ಇಷ್ಟು ವರ್ಷ ಮೂರು ನೀರು ಹಾಕಿ ತೊಳೆದೇ ಬೇಯಿಸುತ್ತಿದ್ದೇನೆ. ತೊಳೆಯದೆ ಪಾತ್ರೆಗೆ ಹಾಕಲು ಮನಸ್ಸೇ ಬರುವುದಿಲ್ಲ.

ಸೌಟುಹಿಡಿದವ · ಸೋಮವಾರ ರಾತ್ರಿ

ನನಗೂ ಮೊದಲು ಹಾಗೇ ಅನಿಸುತ್ತಿತ್ತು ಅಕ್ಕಾ. ಹಸಿ ಕೋಳಿಯಲ್ಲಿ ಸಾಲ್ಮೊನೆಲ್ಲಾ, ಕ್ಯಾಂಪಿಲೋಬ್ಯಾಕ್ಟರ್ ಅನ್ನುವ ರೋಗಾಣು ಇರಬಹುದು. ತೊಳೆದರೆ ಅವು ಹೋಗುವುದಿಲ್ಲ. ನೀರಿನ ಜೊತೆ ಸಿಡಿದು ಸಿಂಕ್, ನಲ್ಲಿ, ಪಕ್ಕದಲ್ಲಿಟ್ಟ ಸಲಾಡ್ ಸೊಪ್ಪಿನ ಮೇಲೆಲ್ಲ ಕೂರುತ್ತವೆ. ಕೋಳಿ ಬೆಂದಾಗ ಅವು ಸಾಯುತ್ತವೆ. ಆದರೆ ಸೊಪ್ಪನ್ನು ನಾವು ಬೇಯಿಸುವುದಿಲ್ಲ. ಏನಾದರೂ ಅಂಟಿಕೊಂಡಿದ್ದರೆ ದಪ್ಪ ಕಾಗದದಲ್ಲಿ ಒರೆಸಿ, ಆ ಕಾಗದ ಎಸೆದು, ಕೈ ಸೋಪಿನಲ್ಲಿ ತೊಳೆದುಕೊಳ್ಳಿ. ಕತ್ತರಿಸುವ ಹಲಗೆ ಎರಡಿರಲಿ.

ತಾರಸಿತೋಟ · ಸೋಮವಾರ ರಾತ್ರಿ

ಸಲಾಡ್ ಎರಡು ಬೇಡ, ಒಂದೇ ಸಾಕು. ಆದರೆ ಅದನ್ನು ಸುಮ್ನೆ ಪಕ್ಕಕ್ಕಿರಲಿ ಅಂತ ಮಾಡಬೇಡಿ. ಈ ಊಟದಲ್ಲಿ ಅದಕ್ಕೆ ಒಂದು ಕೆಲಸ ಇದೆ. ನೋಡಿ, ಸೂಪ್ ಮೆತ್ತಗೆ, ಕೋಳಿ ಎಣ್ಣೆ-ಕೊಬ್ಬು, ಆಲೂಗಡ್ಡೆ ಹಿಟ್ಟು. ಎಲ್ಲ ಬಿಸಿ, ಎಲ್ಲ ಭಾರ. ಒಂದೇ ಥರದ ರುಚಿ ತಿನ್ನುತ್ತಾ ಹೋದರೆ ಅದರ ಮೇಲಿನ ಆಸೆ ಇಳಿಯುತ್ತದೆ. ಆಹಾರ ಸಂಶೋಧಕಿ ಬಾರ್ಬರಾ ರೋಲ್ಸ್ ಮತ್ತು ಜೊತೆಗಾರರು 1981ರಲ್ಲಿ ಪ್ರಯೋಗ ಮಾಡಿ ತೋರಿಸಿದ್ದು ಇದನ್ನೇ. ಹೊಟ್ಟೆ ತುಂಬ ತಿಂದ ಪದಾರ್ಥ ಸಪ್ಪೆ ಅನಿಸುತ್ತದೆ. ಅದೇ ಹೊತ್ತಿನಲ್ಲಿ, ಇನ್ನೂ ತಿನ್ನದ ಪದಾರ್ಥದ ಮೇಲಿನ ಇಷ್ಟ ಅಷ್ಟು ಇಳಿದಿರುವುದಿಲ್ಲ. ಊಟ ಮುಗಿದ ಮೇಲೂ ಸಿಹಿಗೆ ಜಾಗ ಸಿಗುವುದು ಹೀಗೇ.

ಆದ್ದರಿಂದ ನಿಮಗೆ ಬೇಕಾದದ್ದು ಹತ್ತು ಬಗೆ ಅಲ್ಲ, ಒಂದಕ್ಕೊಂದು ಹೋಲದ ಮೂರು ನಾಲ್ಕು ಬಗೆ. ಕೋಳಿ ಪಕ್ಕದಲ್ಲಿ ತಣ್ಣಗೆ, ಹುಳಿಯಾಗಿ, ಗರಿಗರಿ ಇರುವ ಸೊಪ್ಪು ಇಡಿ. ಬೆಳಗ್ಗೆಯೇ ತೊಳೆದು, ಬಟ್ಟೆಯಲ್ಲಿ ಸುತ್ತಿ, ಡಬ್ಬಿಯಲ್ಲಿ ಹಾಕಿ ಫ್ರಿಜ್‌ನಲ್ಲಿಡಿ. ಎಲೆ ಪೂರ್ತಿ ಒಣಗಿರಬೇಕು. ನೀರಿದ್ದರೆ ಎಣ್ಣೆ ಹಿಡಿಯುವುದಿಲ್ಲ, ಜಾರಿ ತಳ ಸೇರುತ್ತದೆ. ಮೂರು ಪಾಲು ಎಣ್ಣೆಗೆ ಒಂದು ಪಾಲು ನಿಂಬೆರಸ, ಉಪ್ಪು, ಕಾಲು ಚಮಚ ಸಾಸಿವೆ ಪೇಸ್ಟ್. ಮುಚ್ಚಳದ ಬಾಟಲಿಗೆ ಹಾಕಿ ಕುಲುಕಿದರೆ ಮುಗಿಯಿತು. ಸಾಸಿವೆ ಇದ್ದರೆ ಎಣ್ಣೆ-ಹುಳಿ ಬೇಗ ಬೇರೆಯಾಗುವುದಿಲ್ಲ. ಬಡಿಸುವ ಹೊತ್ತಿಗೆ ಮಾತ್ರ ಕಲಸಿ. ಮುಂಚೆ ಕಲಸಿದರೆ ಉಪ್ಪು ಎಲೆಯ ನೀರೆಳೆದು ಸೊಪ್ಪು ಬಾಡಿಸಿಬಿಡುತ್ತದೆ. ಕೊನೆಯ ಅರ್ಧ ಗಂಟೆಯಲ್ಲಿ ನಿಮ್ಮ ಕೈ ಬೇಡುವ ಆ ಒಂದು ಕೆಲಸ ಇದೇ ಆಗಿರಲಿ. ಒಂದು ನಿಮಿಷದ್ದು.

ಕಲ್ಲುಸಕ್ಕರೆ · ಮಂಗಳವಾರ ಬೆಳಗ್ಗೆ

ಸೂಫ್ಲೆ ಬಿಟ್ಟಿದ್ದು ಒಳ್ಳೆಯದಾಯಿತು. ಅದರ ಬದಲು ಕ್ಯಾರಮೆಲ್ ಕಸ್ಟರ್ಡ್ ಮಾಡಿ. ಇದನ್ನು ಹಿಂದಿನ ದಿನವೇ ಮಾಡಬೇಕು, ಆಗಲೇ ಚೆನ್ನ. ಪಾತ್ರೆಯ ತಳದಲ್ಲಿ ಗಾಜಿನ ಹಾಗೆ ಗಟ್ಟಿಯಾದ ಸಕ್ಕರೆ ಪಾಕ ರಾತ್ರಿಯೆಲ್ಲ ಕಸ್ಟರ್ಡ್‌ನ ತೇವ ಹೀರಿ ಕರಗುತ್ತದೆ. ಮರುದಿನ ಮಗುಚಿದರೆ ತಾನಾಗಿಯೇ ಮೇಲಿಂದ ಇಳಿಯುತ್ತದೆ.

ಪಾಕಕ್ಕೆ 100 ಗ್ರಾಂ ಸಕ್ಕರೆ, ಎರಡು ಚಮಚ ನೀರು. ಕಸ್ಟರ್ಡ್‌ಗೆ ಅರ್ಧ ಲೀಟರ್ ಹಾಲು, ನಾಲ್ಕು ಮೊಟ್ಟೆ, 80 ಗ್ರಾಂ ಸಕ್ಕರೆ, ಸ್ವಲ್ಪ ವೆನಿಲಾ, ಚಿಟಿಕೆ ಉಪ್ಪು. ಪಾಕ ಮಾಡುವಾಗ ಫೋನ್ ಬೇರೆ ಕೋಣೆಯಲ್ಲಿರಲಿ. ಮೊದಲು ಏನೂ ಆಗುತ್ತಿಲ್ಲ ಅನಿಸುತ್ತದೆ. ಆಮೇಲೆ ಅಂಚಿನಲ್ಲಿ ಒಣಹುಲ್ಲಿನ ಬಣ್ಣ ಬರುತ್ತದೆ. ಅಲ್ಲಿಂದ ಜೇನಿನ ಬಣ್ಣಕ್ಕೆ ಒಂದು ನಿಮಿಷವೂ ಬೇಡ. ಜೇನು ದಾಟಿ ಸ್ವಲ್ಪ ಕೆಂಪಾಗುತ್ತಿದ್ದ ಹಾಗೆ ಇಳಿಸಿಬಿಡಿ. ಇಳಿಸಿದ ಮೇಲೂ ಪಾತ್ರೆಯ ಬಿಸಿಗೆ ಬಣ್ಣ ಏರುತ್ತಲೇ ಇರುತ್ತದೆ. ಕಪ್ಪಾದರೆ ಕಹಿ. ಕೈ ಹತ್ತಿರ ಒಯ್ಯಬೇಡಿ, ಅದು ಕುದಿಯುವ ನೀರಿಗಿಂತ ಎಷ್ಟೋ ಬಿಸಿ.

ಹಾಲು ಬೆಚ್ಚಗಾದರೆ ಸಾಕು, ಕುದಿಯಬಾರದು. ಮೊಟ್ಟೆ, ಸಕ್ಕರೆಯನ್ನು ನೊರೆ ಬರದ ಹಾಗೆ ಕಲಸಿ, ಹಾಲು ಹಾಕಿ, ಸೋಸಿ ಪಾತ್ರೆಗೆ ಸುರಿಯಿರಿ. ಆ ಪಾತ್ರೆಯನ್ನು ಬಿಸಿನೀರಿನ ಟ್ರೇಯಲ್ಲಿಟ್ಟು, ನೀರು ಅರ್ಧದವರೆಗೆ ಬರುವ ಹಾಗೆ ನೋಡಿಕೊಂಡು, 150 ಡಿಗ್ರಿಯಲ್ಲಿ ಸುಮಾರು 50 ನಿಮಿಷ ಬೇಯಿಸಿ. ನೀರಿನಲ್ಲಿಡುವುದು ಯಾಕೆಂದರೆ ಕಸ್ಟರ್ಡ್ 80 ಡಿಗ್ರಿ ಹೊತ್ತಿಗೆ ಗಟ್ಟಿಯಾಗುತ್ತದೆ. ಅದಕ್ಕಿಂತ ತುಂಬಾ ಮೇಲೆ ಹೋದರೆ ಮೊಟ್ಟೆ ಹಿಂಡಿಕೊಂಡು, ಒಳಗೆಲ್ಲ ತೂತು ತೂತಾಗಿ ನೀರು ಬಿಡುತ್ತದೆ. ಟ್ರೇ ಅಲುಗಿಸಿದಾಗ ಅಂಚು ನಿಂತಿರಬೇಕು, ನಡುವೆ ಮಾತ್ರ ಒಂದು ರೂಪಾಯಿ ನಾಣ್ಯದಷ್ಟಗಲ ನಡುಗಬೇಕು. ಆಗ ತೆಗೆಯಿರಿ. ತಣ್ಣಗಾದ ಮೇಲೆ ಫ್ರಿಜ್.

ಹೊಸಒಲೆ · ಬುಧವಾರ ರಾತ್ರಿ

ಇವತ್ತು ಒಂದು ಸಲ ಮಾಡಿ ನೋಡಿದೆ. ಎರಡು ತೊಂದರೆ ಬಂತು.

ಓವನ್ 200ರಲ್ಲಿ ಇಟ್ಟು ಒಂದು ಗಂಟೆ ಹದಿನೈದು ನಿಮಿಷ ಬಿಟ್ಟೆ. ಚುಚ್ಚಿದರೆ ಥರ್ಮಾಮೀಟರ್‌ನಲ್ಲಿ 63 ಡಿಗ್ರಿ! ಮೇಲೆ ನೋಡಿದರೆ ಬೆಂದಂತೆಯೇ ಇತ್ತು. ಮೀಟರ್ ಇಲ್ಲದಿದ್ದರೆ ಖಂಡಿತ ಬಡಿಸಿಬಿಡುತ್ತಿದ್ದೆ. ಇನ್ನೂ ಇಪ್ಪತ್ತೆರಡು ನಿಮಿಷ ಬೇಕಾಯಿತು. ಎರಡನೆಯದು ಆಲೂಗಡ್ಡೆ. ಕರಿಯುವುದು ಬಿಟ್ಟು, ಕೋಳಿಯ ಸುತ್ತಲೇ ಜೋಡಿಸಿದ್ದೆ. ಬೆಂದವು, ಆದರೆ ಬೆಳ್ಳಗೆ, ಮೆತ್ತಗೆ. ಕೋಳಿಯ ಚರ್ಮ ಮಾತ್ರ ಮೊದಲ ಸಲ ಚಾಕು ತಾಗಿದಾಗ ಸದ್ದು ಮಾಡಿತು. ನನ್ನ ಗಂಡ ಅಡುಗೆಮನೆಗೇ ಬಂದು ನಿಂತುಕೊಂಡೇ ತಿಂದರು.

ಸೌಟುಹಿಡಿದವ · ಬುಧವಾರ ರಾತ್ರಿ

ಬುಧವಾರವೇ ಮಾಡಿ ನೋಡಿದ್ದು ಎಷ್ಟು ಒಳ್ಳೆಯದಾಯಿತು ನೋಡಿ. ಕೋಳಿ ಫ್ರಿಜ್‌ನಿಂದ ನೇರ ಓವನ್‌ಗೆ ಹೋಯಿತಾ? ಅರ್ಧ ಗಂಟೆ ಮೊದಲು ಹೊರಗೆ ತೆಗೆದಿಡಿ. ಓವನ್ ಕೂಡ ನಾಬ್‌ನಲ್ಲಿ ತೋರಿಸಿದಷ್ಟು ಬಿಸಿ ಇರುವುದಿಲ್ಲ. ಎಷ್ಟೋ ಮನೆಯ ಓವನ್‌ಗಳಲ್ಲಿ 10, 20 ಡಿಗ್ರಿ ಹೆಚ್ಚುಕಡಿಮೆ ಇರುತ್ತದೆ. ಈಗ ನಿಮ್ಮ ಓವನ್ ನಿಮಗೆ ಗೊತ್ತಾಯಿತು. ಕಾಲು ಗಂಟೆ ಮುಂಚೆಯೇ ಇಡಿ. ಬೇಗ ಬೆಂದರೆ ತೊಂದರೆ ಇಲ್ಲ, ಕಾಯುತ್ತದೆ. ತಡವಾದರೆ ಜನ ಕಾಯಬೇಕು.

ಆಲೂಗಡ್ಡೆಗೆ ಬೇರೆ ಟ್ರೇ. ಒತ್ತೊತ್ತಾಗಿ ಇಟ್ಟರೆ ಒಂದರ ಹಬೆಯಲ್ಲಿ ಇನ್ನೊಂದು ಬೇಯುತ್ತದೆ, ಹುರಿಯುವುದಿಲ್ಲ. ಮೊದಲು ಉಪ್ಪುನೀರಿನಲ್ಲಿ ಅಂಚು ಮೆತ್ತಗಾಗುವವರೆಗೆ ಬೇಯಿಸಿ. ಬಸಿದು, ಪಾತ್ರೆಗೆ ವಾಪಸ್ ಹಾಕಿ, ಮುಚ್ಚಳ ಮುಚ್ಚಿ ಎರಡು ಸಲ ಜೋರಾಗಿ ಕುಲುಕಿ. ಮೈಯೆಲ್ಲ ತರಚಿದ ಹಾಗಾಗುತ್ತದೆ. ಆ ತರಚಿದ ಹಿಟ್ಟೇ ಎಣ್ಣೆಯಲ್ಲಿ ಗರಿಗರಿ ಆಗುವುದು. ಟ್ರೇಯಲ್ಲಿ ಎಣ್ಣೆ ಮೊದಲೇ ಕಾದಿರಲಿ, ಆಲೂಗಡ್ಡೆ ಇಟ್ಟ ತಕ್ಷಣ ಚುರ್ ಅನ್ನಬೇಕು. ಒಂದಕ್ಕೊಂದು ಒಂದು ಬೆರಳು ಜಾಗ. ಕೋಳಿ ಹೊರಗೆ ಬಂದ ಮೇಲೆ ಓವನ್ 220ಕ್ಕೆ ಏರಿಸಿ, ಅದು ವಿಶ್ರಾಂತಿ ತೆಗೆದುಕೊಳ್ಳುವ 20 ನಿಮಿಷದಲ್ಲಿ ಇವು ಕೆಂಪಾಗುತ್ತವೆ.

ನಿಧಾನಿ · ಗುರುವಾರ ಬೆಳಗ್ಗೆ

ಎಲ್ಲ ಓದಿದೆ. ಬಗೆ ಕಡಿಮೆ ಇರಲಿ ಅನ್ನುವುದನ್ನು ಈಗ ಒಪ್ಪುತ್ತೇನೆ. ಆದರೆ ಒಂದನ್ನು ಯಾರೂ ಯೋಚಿಸಿಲ್ಲ. ಏಳೂವರೆಗೆ ಬರುತ್ತಾರೆ, ಸೂಪ್ ಎಂಟು ಗಂಟೆ ಹತ್ತಿರ. ಆ ಇಪ್ಪತ್ತು ಮೂವತ್ತು ನಿಮಿಷ ಅವರು ಖಾಲಿ ಕೈಯಲ್ಲಿ ಕೂರಬೇಕಾ? ಹೊಸ ಮನೆ, ಎದುರಿಗೆ ಖಾಲಿ ಮೇಜು, ಒಳಗಿಂದ ಕೋಳಿಯ ಘಮ. ಮಾತು ಹೇಗೆ ಶುರುವಾಗುತ್ತದೆ? ಕೈಗೆ ಏನಾದರೂ ಸಿಕ್ಕರೆ ಜನ ಸಲೀಸಾಗುತ್ತಾರೆ. ಗಟ್ಟಿ ಮೊಸರಿಗೆ ಒಂದು ಎಸಳು ಬೆಳ್ಳುಳ್ಳಿ ಜಜ್ಜಿ, ನಿಂಬೆ, ಉಪ್ಪು ಹಾಕಿ ಒಂದು ಬಟ್ಟಲು. ಪಕ್ಕದಲ್ಲಿ ಉದ್ದುದ್ದ ಕತ್ತರಿಸಿದ ಸೌತೆಕಾಯಿ, ಕ್ಯಾರೆಟ್. ಮಧ್ಯಾಹ್ನವೇ ಆಗುತ್ತದೆ. ಸ್ವಲ್ಪವೇ ಇಡಿ, ಹೊಟ್ಟೆ ತುಂಬಬಾರದು.

ಉಪ್ಪುಖಾರ · ಗುರುವಾರ ಬೆಳಗ್ಗೆ

ನಿಧಾನಿ ಅಕ್ಕಾ, ಇದು ನನಗೆ ಹೊಳೆದೇ ಇರಲಿಲ್ಲ. ನಾನು ಅಡುಗೆಯ ಗಡಿಯಾರವನ್ನಷ್ಟೇ ನೋಡುತ್ತಿದ್ದೆ. ಖಂಡಿತ ಇರಲಿ. ಆದರೆ ಸೂಪ್ ಹೇಗೂ ಕ್ಯಾರೆಟ್ಟಿನದು, ಹಾಗಾಗಿ ಇಲ್ಲಿ ಕ್ಯಾರೆಟ್ ಬೇಡ. ಸೌತೆಕಾಯಿ, ಮೂಲಂಗಿ ಇಡಿ.

ಈಗ ಹಿಂದಿನಿಂದ ಲೆಕ್ಕ ಹಾಕೋಣ. ಶುಕ್ರವಾರ: ಸೂಪ್, ಕಸ್ಟರ್ಡ್, ಕೋಳಿಗೆ ಉಪ್ಪು. ಸೂಪ್‌ಗೆ ಈರುಳ್ಳಿಯನ್ನು ಚಿಟಿಕೆ ಉಪ್ಪು ಹಾಕಿ ಸಣ್ಣ ಉರಿಯಲ್ಲಿ ಹದಿನೈದು ನಿಮಿಷ ಬಾಡಿಸಿ, ಬಣ್ಣ ತಿರುಗಬಾರದು. ಅದರ ಸಿಹಿಯೇ ಸೂಪ್‌ನ ಬುಡ. ಬಿಸಿ ಸೂಪನ್ನು ಮಿಕ್ಸಿಗೆ ತುಂಬಬೇಡಿ, ಹಬೆಗೆ ಮುಚ್ಚಳ ಹಾರುತ್ತದೆ. ತಣಿದ ಮೇಲೆ ರುಬ್ಬಿ. ಮಾಡಿದ್ದನ್ನು ಎರಡು ಗಂಟೆಯೊಳಗೆ ಫ್ರಿಜ್‌ಗೆ ಸೇರಿಸಿ, ಅಗಲ ಪಾತ್ರೆಯಲ್ಲಿಟ್ಟರೆ ಬೇಗ ತಣಿಯುತ್ತದೆ.

ಶನಿವಾರ: ಎಂಟೂ ಹತ್ತಕ್ಕೆ ಕೋಳಿ ಮೇಜಿಗೆ. ಅಂದರೆ ಏಳೂ ಐವತ್ತಕ್ಕೆ ಓವನ್‌ನಿಂದ ಹೊರಗೆ. ನಿಮ್ಮ ಓವನ್ ಲೆಕ್ಕದಲ್ಲಿ ಆರೂ ಕಾಲಿಗೆ ಒಳಗೆ. ಐದೂ ಮುಕ್ಕಾಲಿಗೆ ಫ್ರಿಜ್‌ನಿಂದ ಹೊರಗೆ, ಆಗಲೇ ಓವನ್ ಆನ್. ಆಲೂಗಡ್ಡೆ ಆರೂವರೆಗೆ ನೀರಿಗೆ, ಏಳೂ ಕಾಲಿಗೆ ಓವನ್‌ನ ಕೆಳಗಿನ ಅರೆಗೆ. ಏಳು ಗಂಟೆಗೆ ನೀವು ಮುಖ ತೊಳೆದು ಸೀರೆ ಬದಲಿಸಿ. ಇದನ್ನೂ ಹಾಳೆಯಲ್ಲಿ ಬರೆಯಿರಿ, ಬರೆಯದಿದ್ದರೆ ಆಗುವುದಿಲ್ಲ. ಹಾಳೆ ಫ್ರಿಜ್ ಬಾಗಿಲಿಗೆ ಅಂಟಿಸಿ.

ಹೊಸಒಲೆ · ಭಾನುವಾರ ಮಧ್ಯಾಹ್ನ

ನಿನ್ನೆ ರಾತ್ರಿ ಊಟ ಆಯಿತು. ಎಲ್ಲರಿಗೂ ಒಂದೊಂದು ಮಾತು ಹೇಳಬೇಕು, ಅದಕ್ಕೇ ಪಾತ್ರೆ ತೊಳೆಯುವುದು ಬಿಟ್ಟು ಕೂತಿದ್ದೇನೆ.

ಅವರು ಏಳೂ ಇಪ್ಪತ್ತಕ್ಕೇ ಬಂದರು. ನಾನು ಸೀರೆ ಬದಲಿಸಿ ನಿಂತಿದ್ದೆ! ಮೊಸರಿನ ಬಟ್ಟಲು ಮೇಜಿನ ಮೇಲಿತ್ತು. ಯಜಮಾನರು ಮಾತು ಕಡಿಮೆ. ಎರಡು ಸೌತೆಕಾಯಿ ತುಂಡು ಕೈಗೆ ಬಂದ ಮೇಲೆ ನನ್ನ ಗಂಡನ ಜೊತೆ ಮಾತು ಶುರುವಾಗಿದ್ದು ರಾತ್ರಿ ಹತ್ತರವರೆಗೆ ನಿಲ್ಲಲಿಲ್ಲ. ನಿಧಾನಿ ಅಕ್ಕಾ, ಇದು ನಿಮ್ಮ ಪುಣ್ಯ.

ಸೂಪ್ ಬಿಸಿ ಮಾಡುವಾಗ ಒಂದು ಗಾಬರಿ. ರಾತ್ರಿ ಕಳೆದು ಗಟ್ಟಿಯಾಗಿತ್ತು, ಕುದಿಸುತ್ತಾ ಇನ್ನೂ ಬತ್ತಿ ಉಪ್ಪು ಜಾಸ್ತಿ ಆಯಿತು. ಹಸಿ ಆಲೂಗಡ್ಡೆ ತುಂಡು ಹಾಕಿದರೆ ಉಪ್ಪು ಹೀರುತ್ತದೆ ಅಂತ ಕೇಳಿದ್ದೆ. ಹಾಕಿದೆ, ಏನೂ ಆಗಲಿಲ್ಲ. ಕೊನೆಗೆ ಬಿಸಿನೀರು, ಸ್ವಲ್ಪ ಹಾಲು ಹಾಕಿ ತೆಳ್ಳಗೆ ಮಾಡಿದೆ, ಸರಿಹೋಯಿತು.

ಕೋಳಿ ಏಳೂ ನಲವತ್ತೈದಕ್ಕೆ 75 ಡಿಗ್ರಿ. ಹೊರಗೆ ತೆಗೆದಿಟ್ಟು ಹೋಗಿ ಸೂಪ್ ಮುಂದೆ ಕೂತೆ. ಮದುವೆಯಾದಾಗಿನಿಂದ, ಮನೆಗೆ ಯಾರಾದರೂ ಬಂದಾಗ ನಾನು ಮೊದಲ ಬಡಿಸುವಿಕೆಯಲ್ಲೇ ಅವರ ಜೊತೆ ಕೂತು ತಿಂದದ್ದು ಇದೇ ಮೊದಲು. ಮೇಡಂ ನನ್ನ ಹಳೆಯ ತಪ್ಪುಗಳನ್ನೆಲ್ಲ ಒಂದೊಂದಾಗಿ ನೆನಪಿಸಿಕೊಂಡರು. ಅವರಿಗೆ ಎಲ್ಲ ನೆನಪಿದೆ. ನಾನು ಮೊದಲ ದಿನ ಹಾಕಿಕೊಂಡಿದ್ದ ಚಪ್ಪಲಿಯ ಬಣ್ಣ ಕೂಡ.

ಕಸ್ಟರ್ಡನ್ನು ಅವರ ಎದುರಿಗೇ ಮಗುಚಿದೆ. ಅಂಚಿಗೆ ಚಾಕು ಆಡಿಸಿ, ತಟ್ಟೆ ಮುಚ್ಚಿ, ಉಸಿರು ಹಿಡಿದು ತಿರುಗಿಸಿದೆ. ಒಂದು ಕ್ಷಣ ಏನೂ ಇಲ್ಲ. ಆಮೇಲೆ ಒಳಗೆ ಪುಳಕ್ ಅಂತ ಸದ್ದು. ಎತ್ತಿದರೆ ನಡುಗುತ್ತಾ ನಿಂತಿತ್ತು, ಪಾಕ ನಾಲ್ಕೂ ಕಡೆ ಇಳಿಯುತ್ತಿತ್ತು. ಮೇಡಂ ತಟ್ಟೆ ಖಾಲಿ ಮಾಡಿ, ಪಾತ್ರೆಯಲ್ಲಿ ಉಳಿದ ಪಾಕಕ್ಕೆ ಚಮಚ ಕೇಳಿದರು. ಆಮೇಲೆ ಅಡುಗೆಮನೆಗೆ ಬಂದು ನಿಂತರು. ಪಾಕವನ್ನು ಯಾವ ಬಣ್ಣಕ್ಕೆ ಇಳಿಸಬೇಕು ಅಂತ ಕೇಳಿದರು. ಹೇಳಿದೆ. ಜೇನಿಗಿಂತ ಕೆಂಪು ಅಂದರೆ ಎಷ್ಟು ಕೆಂಪು ಅಂತ ಮತ್ತೆ ಕೇಳಿದರು. ಮನೆಗೆ ಹೊರಟು, ಚಪ್ಪಲಿ ಹಾಕಿಕೊಳ್ಳುತ್ತಾ ಇನ್ನೊಂದು ಸಲ. ಇವತ್ತು ಬೆಳಗ್ಗೆ ಫೋನ್ ಮಾಡಿ ಮತ್ತೊಂದು ಸಲ. ನಾನು ನಾಲ್ಕೂ ಸಲ ಹೇಳಿದೆ.

ಈಗ ಕಲ್ಲುಸಕ್ಕರೆ ಅವರಿಗೆ ಒಂದು ಪ್ರಶ್ನೆ. ಮೇಡಂ ಮನೆಯಲ್ಲಿ ಓವನ್ ಇಲ್ಲ. ಒಲೆ ಮೇಲೆ ಆಗುತ್ತದಾ?

ಕಲ್ಲುಸಕ್ಕರೆ · ಭಾನುವಾರ ಸಂಜೆ

ಓದಿ ಕಣ್ಣು ತುಂಬಿತು. ಖಂಡಿತ ಆಗುತ್ತದೆ. ದೊಡ್ಡ ಪಾತ್ರೆಯ ತಳಕ್ಕೆ ಒಂದು ಬಟ್ಟೆ ಹಾಸಿ, ನೀರು ಹಾಕಿ, ಅದರಲ್ಲಿ ಕಸ್ಟರ್ಡ್ ಪಾತ್ರೆ ಇಡಲು ಹೇಳಿ. ಕಸ್ಟರ್ಡ್ ಮೇಲೆ ಫಾಯಿಲ್ ಮುಚ್ಚಬೇಕು, ಇಲ್ಲದಿದ್ದರೆ ಮುಚ್ಚಳದ ಹನಿ ಬಿದ್ದು ಗುಳಿ ಬೀಳುತ್ತದೆ. ಉರಿ ಸಣ್ಣದಿರಲಿ. ನೀರು ಕುದಿಯಬಾರದು, ತಳದಿಂದ ಸಣ್ಣ ಗುಳ್ಳೆ ಆಗೊಂದು ಈಗೊಂದು ಬಂದರೆ ಸಾಕು. ಅರ್ಧ ಗಂಟೆಗೆ ತೆಗೆದು ಅಲುಗಿಸಿ ನೋಡಲಿ. ನಡುವೆ ನಾಣ್ಯದಷ್ಟು ನಡುಕ ಇದ್ದರೆ ಆಯಿತು, ಪೂರ್ತಿ ಅಲುಗಾಡಿದರೆ ಇನ್ನೂ ಐದೈದು ನಿಮಿಷ ಬಿಟ್ಟು ನೋಡುತ್ತಾ ಹೋಗಲಿ.